ಎಷ್ಟು ಕತ್ತರಿಸಿದರೆ ಸಾಕು?

ಹೊಸದುರ್ಗ ತಾಲ್ಲೂಕಿನ ಹಳ್ಳಿಯೊಂದರ ಯುವಕ ಒಂದು ಸಂಜೆ ಚಿತ್ರದುರ್ಗದ ನಮ್ಮ ಮನೆಗೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಮಡಿಚಿ ಮಡಿಚಿ ಹರಿಯುವ ಹಾಗಾಗಿದ್ದ ಒಂದು ವರದಿ. ಅವನ ತಾಯಿಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡು, ಅದು ಕ್ಯಾನ್ಸರ್ ಎಂದು ಗೊತ್ತಾಗಿ, ಬೆಂಗಳೂರಿನಲ್ಲಿ ಆಪರೇಷನ್ ಆಗಿ ಮೂರು ವಾರ ಕಳೆದಿತ್ತು. ಸ್ತನವನ್ನು ಪೂರ್ತಿ ತೆಗೆದಿರಲಿಲ್ಲ. ಗಂಟನ್ನೂ ಅದರ ಸುತ್ತಲಿನ ಸ್ವಲ್ಪ ಒಳ್ಳೆಯ ಭಾಗವನ್ನೂ ತೆಗೆದು ಉಳಿದದ್ದನ್ನು ಹಾಗೆಯೇ ಬಿಟ್ಟಿದ್ದರು. ಆಮೇಲೆ ರೇಡಿಯೇಷನ್ ಕೊಡುತ್ತೇವೆ ಎಂದು ಹೇಳಿ ಕಳುಹಿಸಿದ್ದರು.

ನಾವು ವೈದ್ಯರಲ್ಲ. ಇಂಗ್ಲಿಷಿನಲ್ಲಿರುವುದನ್ನು ಓದಿ ಕನ್ನಡದಲ್ಲಿ ಹೇಳಬಲ್ಲೆವು ಎಂಬುದಷ್ಟೇ ನಮ್ಮ ಅರ್ಹತೆ. ಎರಡು ಪುಟಗಳ ಆ ವರದಿಯಲ್ಲಿ ಅವನು ಪೆನ್ನಿನಿಂದ ಗೆರೆ ಹಾಕಿಕೊಂಡು ಬಂದಿದ್ದ ಸಾಲು ಒಂದೇ. ತೆಗೆದ ಭಾಗದ ಅಂಚುಗಳೆಲ್ಲ ಕ್ಯಾನ್ಸರ್‌ನಿಂದ ಮುಕ್ತವಾಗಿವೆ, ಗಡ್ಡೆಗೆ ಅತಿ ಹತ್ತಿರವಿರುವ ಅಂಚು 2 ಮಿಲಿಮೀಟರ್ ದೂರದಲ್ಲಿದೆ ಎಂದು ಅದರಲ್ಲಿತ್ತು.

"ಎರಡು ಮಿಲಿಮೀಟರ್ ಅಂದ್ರೆ ಎಷ್ಟು ಸಾರ್?"

"ಹತ್ತಿರಹತ್ತಿರ ಒಂದು ರಾಗಿ ಕಾಳಿನಷ್ಟು."

ಅವನ ಮುಖ ಸಣ್ಣದಾಯಿತು. "ಅಷ್ಟೇನಾ? ಅಷ್ಟು ಸಾಕಾ ಸಾರ್? ಪೂರ್ತಿ ತೆಗೆಸಿಬಿಡ್ರಪ್ಪಾ ಅಂತ ನಮ್ಮ ಮಾವ ಆಗಲೇ ಬಡ್ಕೊಂಡ್ರು. ನಾವೇ ಕೇಳಲಿಲ್ಲ."

ಇದು ವೈದ್ಯಕೀಯ ಪ್ರಶ್ನೆ ಎಂದುಕೊಂಡು ನಾವು ಪರಿಚಯದ ವೈದ್ಯರನ್ನು ವಿಚಾರಿಸಿದೆವು, ಸಿಕ್ಕಷ್ಟನ್ನು ಓದಿದೆವು. ಓದುತ್ತಾ ಹೋದಂತೆ ಇದು ಬರೀ ವೈದ್ಯಕೀಯ ಪ್ರಶ್ನೆಯಲ್ಲ ಎನಿಸತೊಡಗಿತು. ರೋಗವನ್ನು ಹೊರಹಾಕುವ ಹೆಸರಿನಲ್ಲಿ ಮನುಷ್ಯರಿಂದ ಎಷ್ಟನ್ನು ತೆಗೆದುಕೊಳ್ಳಬಹುದು? ಎಲ್ಲಿಗೆ ನಿಲ್ಲಿಸಬೇಕು? 'ಇನ್ನು ಸಾಕು' ಎಂದು ಹೇಳಬೇಕಾದವರು ಯಾರು? ಚಾಕು ಹಿಡಿದವರೇ, ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕುವವರೇ, ಅಥವಾ ಮಂಚದ ಮೇಲೆ ಮಲಗಿದವರೇ?

ಆ ಯುವಕನ ಗಾಬರಿಯಲ್ಲಿ ತಪ್ಪೇನೂ ಇಲ್ಲ. ಅವನು ತೆಂಗಿನ ತೋಟದವನು. ಹೊಸದುರ್ಗದ ಕಡೆಯ ಬೆಳೆಗಾರರು ಬಲ್ಲರು, ತೆಂಗಿನ ಮರಕ್ಕೆ ಕಾಂಡ ಸೋರುವ ರೋಗ ಬಂದರೆ ಕೆಂಪು ಮಿಶ್ರಿತ ಕಂದು ರಸ ಇಳಿಯತೊಡಗುತ್ತದೆ. ಆಗ ಉಳಿ ಹಿಡಿದು ಕೊಳೆತ ಭಾಗವನ್ನು ಕೆತ್ತಿ ತೆಗೆಯುತ್ತಾರೆ. ಕಪ್ಪಾದದ್ದು ಮುಗಿದು ಒಳ್ಳೆಯ ತಿರುಳು ಕಾಣುವವರೆಗೆ ಕೆತ್ತಿ, ಅದರಾಚೆಗೂ ಒಂದಿಷ್ಟು ಸವರಿ, ಮೇಲೆ ಬೋರ್ಡೋ ಮುಲಾಮು ಬಳಿಯುತ್ತಾರೆ. ಸ್ವಲ್ಪ ಉಳಿದರೂ ರೋಗ ಮತ್ತೆ ಹಬ್ಬುತ್ತದೆ ಎಂಬ ಅನುಭವ ಅವರಿಗಿದೆ. ಹೀಗಿರುವಾಗ ತಾಯಿಯ ಎದೆಯಲ್ಲಿ ರೋಗದ ಆಚೆ ರಾಗಿ ಕಾಳಿನಷ್ಟೇ ಕತ್ತರಿಸಿದ್ದಾರೆ ಎಂದರೆ ಮಗನಿಗೆ ನಿದ್ರೆ ಬಂದೀತೇ? ಆದರೆ ಅದೇ ಬೆಳೆಗಾರನಿಗೆ ಇನ್ನೊಂದು ಸಂಗತಿಯೂ ಗೊತ್ತು. ಭಯಪಟ್ಟು ಅಗತ್ಯಕ್ಕಿಂತ ಆಳಕ್ಕೆ ಕೆತ್ತಿದರೆ ಮರ ಬಲ ಕಳೆದುಕೊಳ್ಳುತ್ತದೆ, ಗಾಳಿಗೆ ಮುರಿಯುತ್ತದೆ.

ವೈದ್ಯಕೀಯ ಲೋಕವೂ ಬಹಳ ಕಾಲ ಈ ಭಯದಿಂದಲೇ ನಡೆಯಿತು. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವಿಲಿಯಂ ಹಾಲ್‌ಸ್ಟೆಡ್ ಎಂಬ ಸರ್ಜನ್ 1894ರಲ್ಲಿ ತನ್ನ ಪದ್ಧತಿಯ ಫಲಿತಾಂಶಗಳನ್ನು ಪ್ರಕಟಿಸಿದರು. ಸ್ತನ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು, ಇವೆಲ್ಲವನ್ನೂ ಒಟ್ಟಿಗೇ ತೆಗೆದುಬಿಡುವ ಪದ್ಧತಿ ಅದು. ಅವರು ಕ್ರೂರಿಯೇನಲ್ಲ. ಆ ಕಾಲದಲ್ಲಿ ಮಹಿಳೆಯರು ಬರುತ್ತಿದ್ದುದೇ ಗಡ್ಡೆ ದೊಡ್ಡದಾಗಿ ಹುಣ್ಣಾದ ಮೇಲೆ. ಉಳಿದವರ ಕೈಯಲ್ಲಿ ರೋಗ ಅದೇ ಜಾಗದಲ್ಲಿ ಮತ್ತೆ ಮತ್ತೆ ಹುಟ್ಟುತ್ತಿದ್ದಾಗ ಇವರ ಕೈಯಲ್ಲಿ ಅದು ಬಹಳ ಕಡಿಮೆಯಾಯಿತು. ಕ್ಯಾನ್ಸರ್ ನೀರಿನಲ್ಲಿ ಎಣ್ಣೆ ಹರಡಿದ ಹಾಗೆ ಸುತ್ತಲೂ ಸಾಲಾಗಿ ಹಬ್ಬುತ್ತದೆ, ಅದಕ್ಕಿಂತ ಒಂದು ಹೆಜ್ಜೆ ಮುಂದೆ ಕತ್ತರಿಸಿದರೆ ಗೆದ್ದಂತೆ ಎಂಬುದು ಅವರ ನಂಬಿಕೆ. ಸುಮಾರು ಮುಕ್ಕಾಲು ಶತಮಾನ ಜಗತ್ತಿನ ಸರ್ಜನ್‌ಗಳು ಆ ನಂಬಿಕೆಯಲ್ಲೇ ನಡೆದರು. ಲಕ್ಷಾಂತರ ಮಹಿಳೆಯರು ಎದೆಗೂಡಿನ ಮೇಲೆ ಬರೀ ಚರ್ಮ ಉಳಿಸಿಕೊಂಡು, ಊದಿದ ತೋಳು ಹೊತ್ತುಕೊಂಡು ಬದುಕಿದರು. ಅಷ್ಟೆಲ್ಲ ಕೊಟ್ಟ ಮೇಲೂ ಎಷ್ಟೋ ಮಂದಿ ಶ್ವಾಸಕೋಶಕ್ಕೋ ಮೂಳೆಗೋ ಹಬ್ಬಿದ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಗ ಹೊಳೆದ ಉತ್ತರ, ಇನ್ನೂ ಹೆಚ್ಚು ಕತ್ತರಿಸಬೇಕಿತ್ತು ಎಂದು!

ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವ ಧೈರ್ಯ ಮಾಡಿದವರಲ್ಲಿ ಇಬ್ಬರು ಮುಖ್ಯರು. ಇಟಲಿಯ ಮಿಲಾನ್ ನಗರದ ಉಂಬರ್ಟೊ ವೆರೊನೆಸಿ 1973ರಿಂದ 1980ರವರೆಗೆ 701 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಹಾಲ್‌ಸ್ಟೆಡ್ ಪದ್ಧತಿಯನ್ನೂ ಉಳಿದವರಿಗೆ ಸ್ತನದ ಕಾಲುಭಾಗವನ್ನಷ್ಟೇ ತೆಗೆದು ರೇಡಿಯೇಷನ್ ಕೊಡುವ ಪದ್ಧತಿಯನ್ನೂ ಅನುಸರಿಸಿದರು. ಅಮೆರಿಕದ ಬರ್ನಾರ್ಡ್ ಫಿಷರ್ 1976ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಕಾಲುಭಾಗವನ್ನೂ ತೆಗೆಯಲಿಲ್ಲ, ಗಂಟು ಮತ್ತು ಅದರ ಸುತ್ತ ರೋಗಮುಕ್ತ ಅಂಚು ಸಿಗುವಷ್ಟು ಮಾತ್ರ. ಇಬ್ಬರ ಇಪ್ಪತ್ತು ವರ್ಷಗಳ ಫಲಿತಾಂಶವೂ 2002ರಲ್ಲಿ ಒಂದೇ ವೈದ್ಯಕೀಯ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂತು. ಸ್ತನ ಉಳಿಸಿಕೊಂಡವರೂ ಕಳೆದುಕೊಂಡವರೂ ಒಂದೇ ಪ್ರಮಾಣದಲ್ಲಿ ಬದುಕಿದ್ದರು. ಆದರೆ ಒಂದು ಷರತ್ತಿತ್ತು. ಫಿಷರ್ ಅವರ ಅಧ್ಯಯನದಲ್ಲಿ ಗಂಟು ತೆಗೆಸಿಕೊಂಡು ರೇಡಿಯೇಷನ್ ಪಡೆಯದವರಲ್ಲಿ ನೂರಕ್ಕೆ 39 ಮಂದಿಗೆ ಅದೇ ಸ್ತನದಲ್ಲಿ ರೋಗ ಮರುಕಳಿಸಿತು, ಪಡೆದವರಲ್ಲಿ 14 ಮಂದಿಗೆ. ಈ ಷರತ್ತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಮ್ಮ ಜಿಲ್ಲೆಯ ಮಟ್ಟಿಗೆ ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ಹೆಚ್ಚು ಕತ್ತರಿಸಿದರೆ ಹೆಚ್ಚು ಆಯುಷ್ಯ ಯಾಕೆ ಸಿಗಲಿಲ್ಲ? ದುರ್ಗದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನಮ್ಮ ಕೋಟೆಗೆ ಏಳು ಸುತ್ತು. ಹೈದರಾಲಿಯ ಸೈನಿಕರು ಒಳನುಗ್ಗಲು ನೋಡಿದ್ದು ಗೋಡೆ ತೆಳ್ಳಗಿತ್ತೆಂದಲ್ಲ, ಒಬ್ಬೊಬ್ಬರೇ ತೂರಬಹುದಾದ ಒಂದು ಕಿಂಡಿ ಇತ್ತೆಂದು. ಒನಕೆ ಹಿಡಿದು ಓಬವ್ವ ಕಾದದ್ದು ಆ ಕಿಂಡಿಯನ್ನು. ಎಂಟನೆಯ ಸುತ್ತು ಕಟ್ಟಿದ್ದರೂ ಆ ಕಿಂಡಿ ಕಿಂಡಿಯೇ. ಕ್ಯಾನ್ಸರ್ ಕೂಡ ಹೀಗೆಯೇ. ಕತ್ತರಿಸಿದ ಅಂಚಿನಲ್ಲಿ ರೋಗ ಉಳಿದಿದ್ದರೆ ಅದು ಕಿಂಡಿ, ಮುಚ್ಚಲೇಬೇಕು. ಉಳಿದಿಲ್ಲದಿದ್ದರೆ ಗೋಡೆಯನ್ನು ಇನ್ನಷ್ಟು ದಪ್ಪ ಮಾಡಿ ಹೆಚ್ಚಿನ ಪ್ರಯೋಜನವಿಲ್ಲ. ಇನ್ನು ರೋಗದ ಕಣಗಳು ರಕ್ತದ ಮೂಲಕ ಮೊದಲೇ ಕೋಟೆ ದಾಟಿ ಹೋಗಿದ್ದರೆ ಗೋಡೆಯ ಮಾತೇ ಬರುವುದಿಲ್ಲ, ಅದಕ್ಕೆ ಕಿಮೋ ಮತ್ತು ಹಾರ್ಮೋನ್ ಔಷಧಿಗಳೇ ಬೇಕು.

ಈ 'ಅಂಚು' ಎನ್ನುವುದನ್ನು ಹೇಗೆ ನೋಡುತ್ತಾರೆಂಬುದನ್ನು ತಿಳಿದಾಗ ನಮಗೆ ನಿಜಕ್ಕೂ ಆಶ್ಚರ್ಯವಾಯಿತು. ತೆಗೆದ ಮಾಂಸದ ತುಂಡಿಗೆ ಸರ್ಜನ್ ದಾರದ ಗುರುತು ಹಾಕುತ್ತಾರೆ. ಸಾಮಾನ್ಯವಾಗಿ ಗಿಡ್ಡ ದಾರ ಮೇಲ್ಭಾಗಕ್ಕೆ, ಉದ್ದ ದಾರ ಹೊರಭಾಗಕ್ಕೆ. ಮುಂದೆ ಯಾವ ದಿಕ್ಕಿನಲ್ಲಿ ರೋಗ ಉಳಿದಿದೆ ಎಂದು ಗೊತ್ತಾಗಲಿ ಎಂಬುದಕ್ಕೆ ಈ ಏರ್ಪಾಡು. ಪೆಥಾಲಜಿ ವಿಭಾಗದಲ್ಲಿ ಆ ತುಂಡಿನ ಮೈಗೆಲ್ಲ ಶಾಯಿ ಬಳಿಯುತ್ತಾರೆ. ಆಮೇಲೆ ಅದನ್ನು ಹೋಳು ಮಾಡಿ, ಮೇಣದಲ್ಲಿ ಅಡಗಿಸಿ, ಕೂದಲಿಗಿಂತ ತೆಳುವಾದ ಪದರಗಳನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಕ್ಯಾನ್ಸರ್ ಕೋಶ ಶಾಯಿಯನ್ನು ಮುಟ್ಟಿದ್ದರೆ ಅಂಚಿನಲ್ಲಿ ರೋಗವಿದೆ ಎಂದರ್ಥ. ಇಷ್ಟೇ. ಒಬ್ಬ ಹೆಣ್ಣುಮಗಳ ಎದೆ ಉಳಿಯುತ್ತದೋ ಇಲ್ಲವೋ ಎಂಬುದು ಶಾಯಿಯ ಒಂದು ಗೆರೆಯ ಮೇಲೆ ನಿಂತಿದೆ.

ಆ ಗೆರೆಯೂ ಪೂರ್ತಿ ಸತ್ಯ ಹೇಳುವುದಿಲ್ಲ. ಸ್ತನದಲ್ಲಿರುವುದು ಬಹುಪಾಲು ಕೊಬ್ಬು. ಹೊರತೆಗೆದ ಮೇಲೆ ಅದು ರೊಟ್ಟಿ ಹಿಟ್ಟಿನಂತೆ ಚಪ್ಪಟೆಯಾಗುತ್ತದೆ, ಒಳಗೆ ಇದ್ದ ಅಂತರ ಮೇಜಿನ ಮೇಲೆ ಕಡಿಮೆಯಾಗಿ ಕಾಣುತ್ತದೆ. ಶಾಯಿ ಸಂದುಗಳೊಳಗೆ ಇಳಿದುಬಿಡುವುದೂ ಉಂಟು. ಇಡೀ ತುಂಡಿನ ಪ್ರತಿಯೊಂದು ಪದರವನ್ನೂ ನೋಡಬೇಕೆಂದರೆ ಸಾವಿರಾರು ಗಾಜಿನ ಪಟ್ಟಿಗಳು ಬೇಕು, ಯಾವ ಆಸ್ಪತ್ರೆಯಿಂದಲೂ ಅದು ಆಗದು. ಆದ್ದರಿಂದ 'ಅಂಚು ಮುಕ್ತ' ಎಂಬ ಮಾತಿನ ಅರ್ಥ, ನೋಡಿದ ಕಡೆಯೆಲ್ಲ ರೋಗ ಶಾಯಿಗೆ ತಾಗಿಲ್ಲ ಎಂದಷ್ಟೇ. ಒಳಗೆ ಎಲ್ಲಿಯೂ ಒಂದು ಕೋಶವೂ ಉಳಿದಿಲ್ಲ ಎಂದಲ್ಲ. ಹಾಗೆ ಉಳಿದಿರಬಹುದಾದ ಅಲ್ಪಸ್ವಲ್ಪವನ್ನು ಸುಡುವುದೇ ರೇಡಿಯೇಷನ್‌ನ ಕೆಲಸ.

ಎಷ್ಟು ಅಂತರ ಇರಬೇಕೆಂಬ ಬಗ್ಗೆ ವೈದ್ಯರಲ್ಲೇ ಬಹಳ ಕಾಲ ಒಮ್ಮತ ಇರಲಿಲ್ಲ. ಒಬ್ಬರಿಗೆ 1 ಮಿಲಿಮೀಟರ್ ಸಾಕು, ಇನ್ನೊಬ್ಬರಿಗೆ 5, ಮತ್ತೊಬ್ಬರಿಗೆ 10. ಅಂತರ ಕಡಿಮೆಯಾಯಿತೆಂದು ಮತ್ತೆ ಆಪರೇಷನ್‌ಗೆ ಕರೆಸಿಕೊಳ್ಳುವುದು ಸಾಮಾನ್ಯವಾಗಿತ್ತು. 2014ರಲ್ಲಿ ಅಮೆರಿಕದ ಕ್ಯಾನ್ಸರ್ ಸರ್ಜನ್‌ಗಳ ಮತ್ತು ರೇಡಿಯೇಷನ್ ತಜ್ಞರ ಸಂಘಟನೆಗಳು ಒಟ್ಟಿಗೆ ಕುಳಿತು 33 ಅಧ್ಯಯನಗಳ 28,162 ರೋಗಿಗಳ ಮಾಹಿತಿಯನ್ನು ಪರಿಶೀಲಿಸಿದವು. ಶಾಯಿಗೆ ರೋಗ ತಾಗಿದ್ದರೆ ಅದೇ ಸ್ತನದಲ್ಲಿ ಮರುಕಳಿಸುವ ಸಂಭವ ಕನಿಷ್ಠ ಎರಡು ಪಟ್ಟು. ಆದರೆ ತಾಗಿಲ್ಲದಿದ್ದರೆ, ಅಂತರವನ್ನು ಇನ್ನೂ ಅಗಲ ಮಾಡಿದ್ದರಿಂದ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಆದ್ದರಿಂದ ಸುತ್ತಲಿನ ಅಂಗಾಂಶಕ್ಕೆ ಹಬ್ಬತೊಡಗಿದ ಸಾಮಾನ್ಯ ಸ್ತನ ಕ್ಯಾನ್ಸರ್‌ನಲ್ಲಿ, ಸ್ತನ ಉಳಿಸಿ ಪೂರ್ತಿ ರೇಡಿಯೇಷನ್ ಕೊಡುವುದಾದರೆ, ಶಾಯಿಗೆ ರೋಗ ತಾಗದಿದ್ದರೆ ಸಾಕು ಎಂದು ನಿರ್ಧರಿಸಿದರು. ನಾಳಗಳೊಳಗೇ ಉಳಿದಿರುವ ಆರಂಭದ ಬಗೆಗೆ 2 ಮಿಲಿಮೀಟರ್ ಎಂದು 2016ರಲ್ಲಿ ಹೇಳಿದರು. ನಮ್ಮ ಯುವಕನ ತಾಯಿಯ ರಾಗಿ ಕಾಳು ಎರಡು ಲೆಕ್ಕದಲ್ಲೂ ಸಾಕಾಗುವಂಥದ್ದು.

ಇಲ್ಲಿ 'ಸಾಕು' ಎಂಬ ಪದಕ್ಕೆ ಬಂದ ಅರ್ಥವನ್ನು ಗಮನಿಸಿ. ಅಪಾಯ ಸೊನ್ನೆಯಾದ ಜಾಗ ಎಂದು ಅದರ ಅರ್ಥವಲ್ಲ, ಅಂಥ ಜಾಗ ಇಲ್ಲವೇ ಇಲ್ಲ. ಇಲ್ಲಿಂದಾಚೆ ಇನ್ನಷ್ಟು ತೆಗೆದುಕೊಂಡರೆ ಆಕೆಗೆ ಏನೂ ಸಿಗುವುದಿಲ್ಲ, ಆಕೆಯಿಂದ ಹೋಗುವುದು ಮಾತ್ರ ಹೋಗುತ್ತದೆ ಎಂಬ ಜಾಗ ಅದು. ಅಲ್ಲಿಂದ ಮುಂದೆ ಚಾಕು ನಡೆದರೆ ಅದು ಯಾರಿಗಾಗಿ ನಡೆಯುತ್ತದೆ? ನಾಳೆ ಏನಾದರೂ ಆದರೆ ತನ್ನ ಮೇಲೆ ಬರಬಾರದು ಎನ್ನುವ ವೈದ್ಯನಿಗಾಗಿ ಇರಬಹುದು. 'ನಾವು ಎಲ್ಲ ಮಾಡಿಸಿದೆವು' ಎಂದು ನೆಂಟರ ಮುಂದೆ ಹೇಳಿಕೊಳ್ಳಬೇಕಾದ ಮನೆಯವರಿಗಾಗಿ ಇರಬಹುದು. ಮಾವನ ಬಡಿದಾಟದಲ್ಲಿ ಪ್ರೀತಿ ಇಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ನಮ್ಮ ಭಯವನ್ನು ಸಮಾಧಾನಪಡಿಸಲು ಇನ್ನೊಬ್ಬರ ದೇಹವನ್ನು ಖರ್ಚು ಮಾಡಬಹುದೇ? ಮಾಡಬಾರದು ಎಂದೇ ನಮ್ಮ ಅಭಿಪ್ರಾಯ.

ಹಾಗೆಂದು ಕಡಿಮೆ ಕತ್ತರಿಸುವುದೇ ಪುಣ್ಯ ಎಂದೂ ಅಲ್ಲ. ಗಡ್ಡೆ ದೊಡ್ಡದಿದ್ದರೆ, ಸ್ತನದ ಹಲವು ಕಡೆ ಹರಡಿದ್ದರೆ, ರೇಡಿಯೇಷನ್ ಕೊಡಲಾಗದ ಸ್ಥಿತಿ ಇದ್ದರೆ ಪೂರ್ತಿ ತೆಗೆಯುವುದೇ ಸರಿಯಾದೀತು. ನಮ್ಮಲ್ಲಿ ಸೆರಗಿನ ಮರೆಯಲ್ಲೋ ಬುರ್ಖಾದ ಮರೆಯಲ್ಲೋ ಗಂಟನ್ನು ವರ್ಷಗಟ್ಟಲೆ ಅಡಗಿಸಿಟ್ಟುಕೊಂಡು ಬರುವವರೇ ಹೆಚ್ಚಾದ್ದರಿಂದ, ಉಳಿಸಬಹುದಾದ ಹೊತ್ತು ಎಷ್ಟೋ ಸಲ ಮೀರಿಹೋಗಿರುತ್ತದೆ. 2014ರ ಮಾತು ಅಂತಿಮ ಎಂದೂ ಇಲ್ಲ. 2022ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 1,12,140 ರೋಗಿಗಳ ಮಾಹಿತಿ ಒಳಗೊಂಡ ಒಂದು ಪರಾಮರ್ಶೆಯನ್ನು ಪ್ರಕಟಿಸಿತು. ಅಂಚು ತೀರಾ ಹತ್ತಿರವಿದ್ದರೂ ರೋಗ ದೂರದ ಅಂಗಗಳಿಗೆ ಹಬ್ಬುವ ಸಂಭವ ಹೆಚ್ಚು, ಕನಿಷ್ಠ 1 ಮಿಲಿಮೀಟರ್ ಆದರೂ ಇರಲಿ ಎಂದು ಅದು ವಾದಿಸಿತು. ಅಂದರೆ ಜಗಳ ಈಗಲೂ ಇದೆ, ಆದರೆ ಅದು ಇರುವುದು ಸೊನ್ನೆ ಮತ್ತು ಒಂದು ಮಿಲಿಮೀಟರ್ ನಡುವೆ. ಇಡೀ ಸ್ತನ ಮತ್ತು ಎದೆಯ ಸ್ನಾಯುವಿನಿಂದ ಅರ್ಧ ರಾಗಿ ಕಾಳಿಗೆ ಬಂದು ನಿಂತಿದೆ!

ಹೊಳಲ್ಕೆರೆಯ ನಿವೃತ್ತ ಶಿಕ್ಷಕಿಯೊಬ್ಬರು ನಮಗೆ ಪರಿಚಿತರು. ಅವರ ಗಂಟು ಚಿಕ್ಕದಿತ್ತು, ಸ್ತನ ಉಳಿಸಬಹುದೆಂದು ವೈದ್ಯರೇ ಹೇಳಿದ್ದರು. ಅವರು ಎರಡೂ ದಾರಿಗಳನ್ನು ಕುಳಿತು ಕೇಳಿಸಿಕೊಂಡು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮೂರು ದಿನ ಯೋಚಿಸಿ, ಪೂರ್ತಿ ತೆಗೆಸಿಕೊಳ್ಳುತ್ತೇನೆ ಎಂದರು. "ಪ್ರತಿ ವರ್ಷ ಪರೀಕ್ಷೆಗೆ ಹೋದಾಗ ಈ ಕಡೆ ಏನಾದ್ರೂ ಇದೆಯಾ ಅಂತ ಎದೆ ಬಡ್ಕೊಳ್ಳೋದು ನನಗೆ ಬೇಡ" ಎಂದರು. ಮೇಲಿನ ಅಧ್ಯಯನಗಳನ್ನು ಹಿಡಿದು ಅವರೊಡನೆ ವಾದ ಮಾಡಬಹುದಿತ್ತು. ಯಾಕೆ ಮಾಡಬೇಕು? ಭಯವೂ ಅವರದು, ದೇಹವೂ ಅವರದು, ತೀರ್ಮಾನವೂ ಅವರದು.

ಹಿರಿಯೂರಿನ ಆಪಾ ಅವರ ಸಂಗತಿ ಬೇರೆ. 2009ರ ಸುಮಾರಿಗೆ ಅವರಿಗೂ ಇದೇ ರೋಗ ಬಂತು. ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ವೈದ್ಯರು ಎರಡು ದಾರಿ ಹೇಳಿದರಂತೆ. ಹೇಳಿದ್ದು ಹೊರಗೆ ಕಾರಿಡಾರಿನಲ್ಲಿ, ಅವರ ಗಂಡನಿಗೆ ಮತ್ತು ಮೈದುನನಿಗೆ. ಉಳಿಸುವುದಾದರೆ ಆಪರೇಷನ್ ಆದ ಮೇಲೆ ಐದು ವಾರ, ವಾರಕ್ಕೆ ಐದು ದಿನ ರೇಡಿಯೇಷನ್‌ಗೆ ಬರಬೇಕು. ನಮ್ಮ ಕಡೆಯ ಜನ ಅದನ್ನು 'ಕರೆಂಟ್ ಕೊಡೋದು' ಎನ್ನುತ್ತಾರೆ. ಗಂಡನದು ಹೆದ್ದಾರಿ ಪಕ್ಕದಲ್ಲಿ ಪಂಕ್ಚರ್ ಅಂಗಡಿ. ಅಂಗಡಿ ಮುಚ್ಚಿದ ದಿನ ಸಂಪಾದನೆ ಇಲ್ಲ. ಬೆಂಗಳೂರಿನಲ್ಲಿ ಐದು ವಾರ ಜೊತೆಗಿರುವವರು ಯಾರು, ಮಕ್ಕಳಿಗೆ ಅಡುಗೆ ಮಾಡುವವರು ಯಾರು? ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು. ಮೈದುನ ಹೇಳಿದ ಮಾತು ಆಪಾ ಕಿವಿಗೂ ಬಿತ್ತು. "ನಾಲ್ಕು ಮಕ್ಕಳಾಗಿದಾವೆ, ವಯಸ್ಸಾಯ್ತು, ಇನ್ನು ಅದಿದ್ದೇನು ಹೋಗಿದ್ದೇನು?"

ಆಪಾ ಈಗ ಆರೋಗ್ಯವಾಗಿದ್ದಾರೆ. ಚಿಕಿತ್ಸೆ ತಪ್ಪಾಗಿತ್ತು ಎಂದು ಯಾರೂ ಹೇಳಲಾರರು. ಹಳೆಯ ಬಟ್ಟೆಯ ಸಣ್ಣ ಚೀಲ ಹೊಲಿದು ಅದಕ್ಕೆ ಹತ್ತಿ ತುಂಬಿ ಕುಪ್ಪಸದೊಳಗೆ ಇಟ್ಟುಕೊಳ್ಳುತ್ತಾರೆ. ಮದುವೆ ಮನೆಯಲ್ಲಿ ಬಾಗಿ ಬಡಿಸುವಾಗ ಅದು ಸರಿದುಹೋಗುತ್ತದೆಂದು ಬಡಿಸುವುದನ್ನೇ ಬಿಟ್ಟರು. ನಮ್ಮ ಮನೆಯವರ ಬಳಿ ಒಮ್ಮೆ ಹೇಳಿದರಂತೆ, "ತೆಗೆದಿದ್ದಕ್ಕೆ ನನಗೆ ಅಷ್ಟು ದುಃಖ ಇಲ್ಲಮ್ಮ. ಕೇಳಿದ್ದಿದ್ರೆ ನಾನೂ ತೆಗೀರಿ ಅಂತಲೇ ಹೇಳ್ತಿದ್ನೇನೋ. ಯಾರೂ ಕೇಳಲಿಲ್ಲ."

ಹೊಳಲ್ಕೆರೆಯ ಶಿಕ್ಷಕಿಗೂ ಹಿರಿಯೂರಿನ ಆಪಾಗೂ ಆದ ಆಪರೇಷನ್ ಒಂದೇ. ಆದರೆ ಒಬ್ಬರು ಕೊಟ್ಟರು, ಇನ್ನೊಬ್ಬರಿಂದ ತೆಗೆದುಕೊಂಡರು. ಮೈದುನನ ಮಾತಿನಲ್ಲಿ ಇನ್ನೊಂದು ವಿಷವೂ ಇದೆ. ಹೆಣ್ಣಿನ ಒಂದು ಅಂಗ ಮಗುವಿಗೆ ಹಾಲು ಕೊಡಲೋ ಗಂಡನಿಗಾಗಿಯೋ ಇದೆ, ಆ ಕೆಲಸಗಳು ಮುಗಿದ ಮೇಲೆ ಅದು ಬೇಡದ ಸಾಮಾನು ಎಂಬ ಲೆಕ್ಕ. ಅರವತ್ತು ದಾಟಿದ ಗಂಡಸಿನ ಯಾವುದಾದರೂ ಬೆರಳನ್ನು ಹೀಗೆ 'ಇನ್ನು ಯಾಕೆ' ಎಂದು ಕೇಳಿ ತೆಗೆಯುತ್ತೇವೆಯೇ?

ಇದು ನಮ್ಮ ಊರಿನ ರೋಗ ಮಾತ್ರವಲ್ಲ. ಅಮೆರಿಕದಲ್ಲಿಯೂ 1970ರ ದಶಕದವರೆಗೆ ಗಂಟಿನ ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು, ಕ್ಯಾನ್ಸರ್ ಎಂದು ಕಂಡರೆ ಎಬ್ಬಿಸದೆ ಅಲ್ಲಿಯೇ ಇಡೀ ಸ್ತನ ತೆಗೆದುಬಿಡುವುದು ರೂಢಿಯಾಗಿತ್ತು. ಎಚ್ಚರವಾದ ಮೇಲೆಯೇ ಆಕೆಗೆ ತನಗೇನಾಯಿತೆಂದು ತಿಳಿಯುತ್ತಿತ್ತು. ರೋಸ್ ಕುಶ್ನರ್ ಎಂಬ ಪತ್ರಕರ್ತೆ 1974ರಲ್ಲಿ ತನಗೆ ಗಂಟು ಕಾಣಿಸಿಕೊಂಡಾಗ ಮೊದಲು ಪರೀಕ್ಷೆ ಮಾತ್ರ ಮಾಡಿ, ಆಮೇಲೆ ನಾನೇ ನಿರ್ಧರಿಸುತ್ತೇನೆ ಎಂದು ಹಟ ಹಿಡಿದರು. ಆಕೆ ನಡೆಸಿದ ಹೋರಾಟಕ್ಕೆ 1979ರಲ್ಲಿ ಫಲ ಸಿಕ್ಕಿತು. ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಪರೀಕ್ಷೆ ಮತ್ತು ಆಪರೇಷನ್ ಬೇರೆ ಬೇರೆ ಇರಲಿ ಎಂದಿತು. ನಡುವೆ ಸಿಗುವ ಆ ಕೆಲವು ದಿನಗಳಲ್ಲಿ ಆಕೆ ಯೋಚಿಸಬೇಕು ಎಂಬುದೇ ಅದರ ಉದ್ದೇಶ. ಈಗ ನಮ್ಮಲ್ಲಿಯೂ ಬಯಾಪ್ಸಿ ಮೊದಲು, ಆಪರೇಷನ್ ಆಮೇಲೆ. ದಿನಗಳು ಸಿಗುತ್ತವೆ. ಆದರೆ ಆ ದಿನಗಳಲ್ಲಿ ಯೋಚಿಸುವವರು ಗಂಡಸರು.

ಫಿಷರ್ ಅವರ ಅಧ್ಯಯನದಲ್ಲೇ ನಡೆದ ಒಂದು ಘಟನೆಯನ್ನು ಇಲ್ಲಿ ಹೇಳಬೇಕು. ಅದರಲ್ಲಿ ಪಾಲ್ಗೊಂಡಿದ್ದ ಕೆನಡಾದ ಮಾಂಟ್ರಿಯಲ್‌ನ ಸರ್ಜನ್ ರೋಜರ್ ಪಾಯಿಸನ್ ಕೆಲವು ರೋಗಿಗಳ ದಾಖಲೆಗಳನ್ನು ತಿದ್ದಿದ್ದರು. ಪರೀಕ್ಷೆಯ ದಿನಾಂಕದಂಥ ವಿವರಗಳನ್ನು ಬದಲಾಯಿಸಿ, ಅರ್ಹತೆ ಇಲ್ಲದವರನ್ನೂ ಸೇರಿಸಿದ್ದರು. ರೋಗಿಗಳ ಒಳ್ಳೆಯದಕ್ಕೇ ಹಾಗೆ ಮಾಡಿದೆ ಎಂಬುದು ಅವರ ಸಮರ್ಥನೆ. 1994ರಲ್ಲಿ ಪತ್ರಿಕೆಗಳಲ್ಲಿ ಇದು ಬಯಲಾದಾಗ, ಆ ಅಧ್ಯಯನವನ್ನು ನಂಬಿ ಸ್ತನ ಉಳಿಸಿಕೊಂಡಿದ್ದ ಸಾವಿರಾರು ಮಹಿಳೆಯರು ತತ್ತರಿಸಿಹೋದರು. ಅವರ ರೋಗಿಗಳನ್ನು ಪೂರ್ತಿ ಬಿಟ್ಟು ಲೆಕ್ಕವನ್ನು ಮತ್ತೆ ಮಾಡಿದರು, 1995ರಲ್ಲಿ ಪ್ರಕಟಿಸಿದರು. ಫಲಿತಾಂಶ ಬದಲಾಗಲಿಲ್ಲ. ಆದರೆ ಒಂದು ವರ್ಷ ಆ ಹೆಂಗಸರು ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಮಲಗಿದ್ದಾರಲ್ಲ, ಆ ರಾತ್ರಿಗಳನ್ನು ಯಾರು ಹಿಂತಿರುಗಿಸುತ್ತಾರೆ? ಒಳ್ಳೆಯದಕ್ಕೆಂದು ಹೇಳಿದ ಸುಳ್ಳಿನ ಬೆಲೆಯನ್ನು ತೆತ್ತವರು ಸುಳ್ಳು ಹೇಳಿದವರಲ್ಲ. 'ಅಮ್ಮನಿಗೆ ಹೇಳಬೇಡಿ ಡಾಕ್ಟ್ರೇ, ತಡೆದುಕೊಳ್ಳಲ್ಲ' ಎಂದು ನಾವು ಆಸ್ಪತ್ರೆಯ ಬಾಗಿಲಲ್ಲಿ ಪಿಸುಗುಟ್ಟುವುದೂ ಇದೇ ಜಾತಿಯ ಸುಳ್ಳು. ಅಂಚಿನಲ್ಲಿ ರೋಗ ಉಳಿದು ಎರಡನೆಯ ಆಪರೇಷನ್ ಬೇಕಾದರೆ ಆಕೆಗೆ ಏನೆಂದು ಹೇಳುತ್ತೇವೆ? 'ಹೊಲಿಗೆ ಸರಿ ಮಾಡ್ತಾರಂತೆ' ಎಂದು ಹೇಳಿ ಕರೆದುಕೊಂಡು ಹೋದವರನ್ನೂ ನಾವು ಕಂಡಿದ್ದೇವೆ.

ಇನ್ನು ಆ ಷರತ್ತಿನ ಮಾತು. ಕಡಿಮೆ ಕತ್ತರಿಸಬೇಕಾದರೆ ರೇಡಿಯೇಷನ್ ಬೇಕು, ರೇಡಿಯೇಷನ್ ಬೇಕಾದರೆ ಯಂತ್ರದ ಹತ್ತಿರ ಇರಬೇಕು. ನಮ್ಮ ಕಡೆ ಕ್ಯಾನ್ಸರ್ ಎಂದರೆ ಮೊದಲು ಬಾಯಿಗೆ ಬರುವ ಹೆಸರು ಕಿದ್ವಾಯಿ. ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನಲ್ಲಿ 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆ ಬಡವರ ಪಾಲಿಗೆ ದೊಡ್ಡ ಆಸರೆ. ಆದರೆ ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್. ಹೊಸದುರ್ಗದ ಹಳ್ಳಿಯಿಂದ ಮೊದಲು ಬಸ್ ಹಿಡಿದು ತಾಲ್ಲೂಕಿಗೆ ಬರಬೇಕು. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಅದು ಯಂತ್ರದ ಖರ್ಚು ಕೊಡುತ್ತದೆ. ಕಳೆದುಕೊಂಡ ಕೂಲಿಯನ್ನು ಯಾರು ಕೊಡುತ್ತಾರೆ? ಮನೆಯಲ್ಲಿ ಉಳಿದ ಎಮ್ಮೆಯ ಹಾಲು ಕರೆಯುವವರು ಯಾರು? ಹೀಗಾಗಿ ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಎಷ್ಟು ಕತ್ತರಿಸಬೇಕೆಂಬುದನ್ನು ಶಾಯಿಯ ಗೆರೆ ಹೇಳುವುದಕ್ಕೆ ಮೊದಲೇ ಬಸ್ಸಿನ ದಾರಿ ಹೇಳಿಬಿಟ್ಟಿರುತ್ತದೆ. ಮಿಲಾನ್‌ನಲ್ಲಿ 1981ರ ಹೊತ್ತಿಗೇ ಅನಗತ್ಯವೆಂದು ತೋರಿಸಿದ್ದನ್ನು 2009ರಲ್ಲಿ ಹಿರಿಯೂರಿನ ಹೆಣ್ಣುಮಗಳು ತೆತ್ತದ್ದು ವಿಜ್ಞಾನ ತಿಳಿಯದೆ ಅಲ್ಲ, ಐದು ವಾರ ಉಳಿಯಲು ಜಾಗವಿಲ್ಲದೆ.

ಸಮಾಧಾನದ ಸಂಗತಿ ಎಂದರೆ ಆ ಐದು ವಾರ ಈಗ ಕರಗುತ್ತಾ ಬಂದಿದೆ. ಕೆನಡಾ ಮತ್ತು ಬ್ರಿಟನ್ನಿನ ಅಧ್ಯಯನಗಳ ನಂತರ 15 ಅಥವಾ 16 ಸಲಕ್ಕೆ, ಅಂದರೆ ಮೂರು ವಾರಕ್ಕೆ ಮುಗಿಸುವುದು ಸಾಮಾನ್ಯವಾಗಿದೆ. 2020ರಲ್ಲಿ ಬ್ರಿಟನ್ನಿನ ಇನ್ನೊಂದು ಅಧ್ಯಯನ, ಐದೇ ಸಲ, ಒಂದೇ ವಾರ ಕೊಟ್ಟರೂ ಐದು ವರ್ಷಗಳ ಫಲಿತಾಂಶ ಮೂರು ವಾರದ್ದಕ್ಕೆ ಕಡಿಮೆಯಿಲ್ಲ ಎಂದು ತೋರಿಸಿತು. ಅದು ಎಲ್ಲರಿಗೂ ಹೊಂದುವುದಿಲ್ಲ, ಯಾರಿಗೆ ಹೊಂದುತ್ತದೆಂದು ವೈದ್ಯರು ನೋಡಬೇಕು. ಆದರೂ ಒಂದು ವಾರವಾದರೆ ಪಂಕ್ಚರ್ ಅಂಗಡಿಯವನೂ ಬೀಗ ಹಾಕಿ ಹೋಗಬಲ್ಲ. ಆಪಾಗೆ ಈಗ ಇದನ್ನು ಹೇಳುವ ಧೈರ್ಯ ನಮಗಿಲ್ಲ.

ಯುವಕನಿಗೆ ನಾವು ಕೇಳಿ ತಿಳಿದದ್ದನ್ನೆಲ್ಲ ಹೇಳಿದೆವು. ಅವನಿಗೆ ಅರ್ಧ ನಂಬಿಕೆ ಬಂತು. "ನೀವೇ ಬಂದು ನಮ್ಮಮ್ಮನಿಗೆ ಹೇಳಿ ಸಾರ್, ಮಾವನೂ ಇರ್ತಾರೆ" ಎಂದ. ಮುಂದಿನ ಭಾನುವಾರ ಹೋದೆವು. ಜಗಲಿಯ ಮೇಲೆ ಚಾಪೆ ಹಾಸಿ ಕಾಫಿ ಕೊಟ್ಟರು. ಮಾವ ಪ್ರಶ್ನೆ ಕೇಳಿದರು, ಮಗ ಕೇಳಿದ, ಸೊಸೆಯೂ ಬಾಗಿಲ ಮರೆಯಿಂದ ಒಂದು ಕೇಳಿದಳು. ಆ ತಾಯಿ ಮಾತ್ರ ಕಂಬಕ್ಕೆ ಒರಗಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಎಡಗೈ ಇನ್ನೂ ಸರಿಯಾಗಿ ಎತ್ತಲಾಗುತ್ತಿರಲಿಲ್ಲ.

"ಅಮ್ಮಾ, ನೀವು ಏನೂ ಕೇಳಲಿಲ್ಲವಲ್ಲ" ಎಂದೆವು.

ಅವರು ಮಗನ ಮುಖ ನೋಡಿದರು, ಅಣ್ಣನ ಮುಖ ನೋಡಿದರು. ಆಮೇಲೆ, "ಇನ್ನೊಂದ್ಸಲ ಕುಯ್ಯೋದು ಬೇಕಾ ಬೇಡ್ವಾ, ಅದನ್ನ ಹೇಳಿ" ಎಂದರು.

"ವರದಿಯ ಪ್ರಕಾರ ಬೇಡ. ಕರೆಂಟ್ ಮಾತ್ರ ತಪ್ಪಿಸಬಾರದು. ಹದಿನೈದು ಸಲ."

"ಹದಿನೈದು ದಿನಾನಾ?"

"ಭಾನುವಾರ, ಶನಿವಾರ ಬಿಟ್ಟರೆ ಮೂರು ವಾರ ಆಗುತ್ತೆ."

ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. "ರಾಗಿ ಕೊಯ್ಲಿಗೆ ಇನ್ನೂ ತಿಂಗಳು ಮೇಲಿದೆ. ಅಷ್ಟರೊಳಗೆ ಮುಗಿಸ್ಕೊಂಡು ಬರಬೌದು. ಹೋಗ್ತೀನಿ" ಎಂದು ಹೇಳಿ, ಅಣ್ಣನ ಕಡೆ ತಿರುಗಿ, "ಪೂರ್ತಿ ತೆಗೆಸೋ ಮಾತು ಇನ್ನು ಬೇಡ ಕಣಣ್ಣ" ಎಂದರು. ಮಾವ ಕಾಫಿ ಲೋಟ ಕೆಳಗಿಟ್ಟು ಸುಮ್ಮನೆ ತಲೆಯಾಡಿಸಿದರು.